ಏಳು ಸಲ ಕೆಟ್ಟ ಮಗ್ಗ

ನೂಲಗೇರಿಯ ಹಾಸಿನಮಠಕ್ಕೆ ಹೊಸದಾಗಿ ಬಂದವರು ರೇವಮ್ಮ ತಾಯಿಯವರ ದರ್ಶನಕ್ಕೆಂದು ಮೊದಲು ಗದ್ದುಗೆಯ ಕಡೆ ಹೋಗುತ್ತಿದ್ದರು. ತಾಯಿಯವರು ಅಲ್ಲಿ ಇರುತ್ತಿರಲಿಲ್ಲ. ಬಂದವರು ಪಡಸಾಲೆಗೆ ತಿರುಗಿ, ನೆಲದ ಗುಂಡಿಯ ಮೇಲೆ ಹೂಡಿದ ಕುಣಿಮಗ್ಗದ ಮುಂದೆ ಗೋಣಿತಟ್ಟಿನ ಮೇಲೆ ಬೆರಳಿಗೆಲ್ಲ ಬೂದಿ ಬಳಿದುಕೊಂಡು ಕುಳಿತ ಮುದುಕಿಯೊಬ್ಬರನ್ನು "ತಾಯಿಯವರು ಎಲ್ಲಿದ್ದಾರವ್ವಾ?" ಎಂದು ಕೇಳುತ್ತಿದ್ದರು. "ಕುಂದರ್ರಿ, ಈ ಎಳಿ ಮುಗಿಸಿ ತೋರಸ್ತೀನಿ" ಎಂದು ಆ ಮುದುಕಿ ಹೇಳುತ್ತಿದ್ದರು. ಎಳೆ ಮುಗಿಯುವಷ್ಟರಲ್ಲಿ ಬಂದವರಿಗೆ ಸಂಗತಿ ಹೊಳೆದು, ತಲೆ ತಗ್ಗಿಸಿ ಕೂತಿರುತ್ತಿದ್ದರು. ಎಂತೆಂಥ ದೊಡ್ಡವರು ಹೀಗೆ ಬೇಸ್ತು ಬಿದ್ದರೆಂದು ನಮ್ಮ ಅಜ್ಜಿ ಸಂಗವ್ವ ಹೆಸರು ಹಿಡಿದು ಹೇಳಿ ನಗುತ್ತಿದ್ದಳು. ಹದಿನೆಂಟು ವರ್ಷ ತಾಯಿಯವರ ಎದುರಿಗೆ ಕೂತು ಎಳೆ ಎತ್ತಿಕೊಟ್ಟವಳು ಅವಳು. ಈ ಪ್ರಸಂಗವನ್ನು ನಾನು ಅವಳ ಬಾಯಿಂದಲೇ ಕೇಳಿದ್ದು. ಅಜ್ಜಿಗೆ ಉಳಿದ ಕಥೆಗಳಿಗೆ ಉಪ್ಪುಖಾರ ಹಚ್ಚುವ ಚಟವಿತ್ತು. ಇದೊಂದನ್ನು ಮಾತ್ರ ಎಷ್ಟು ಸಲ ಹೇಳಿದರೂ ಒಂದೇ ರೀತಿ ಹೇಳುತ್ತಿದ್ದಳು.

ನೇಕಾರರಲ್ಲದ ಓದುಗರಿಗಾಗಿ ಇಲ್ಲಿ ಒಂದಿಷ್ಟು ವಿವರಿಸಬೇಕು. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಎಳೆಗಳಿಗೆ ಹಾಸು ಎನ್ನುತ್ತಾರೆ. ನೇಯುತ್ತ ಹೋದಂತೆ ಹಾಸು ತೀರುತ್ತ ಬರುತ್ತದೆ. ಆದರೆ ಯಾವ ನೇಕಾರನೂ ಅದನ್ನು ಪೂರ್ತಿ ತೀರಿಸುವುದಿಲ್ಲ. ಬಟ್ಟೆಯನ್ನು ಕೊಯ್ದು ತೆಗೆದ ಮೇಲೂ ಬಾಚಣಿಗೆಯಂಥ ಹಣಿಗೆಯ ಹಲ್ಲುಗಳ ನಡುವೆ ಹಳೆಯ ಎಳೆಗಳ ಗೇಣುದ್ದದ ತುದಿಗಳು ಉಳಿದಿರುತ್ತವೆ. ಹೊಸ ಹಾಸಿನ ಒಂದೊಂದು ಎಳೆಯನ್ನೂ ಅದರದರ ಹಳೆಯ ತುದಿಗೆ ಕೂಡಿಸಬೇಕು. ಗಂಟು ಹಾಕಿದರೆ ಹಣಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ; ಅದಕ್ಕಾಗಿ ಬೆರಳಿಗೆ ಬೂದಿ ಹಚ್ಚಿಕೊಂಡು ಎರಡೂ ತುದಿಗಳನ್ನು ಹೊಸೆದು ಒಂದು ಮಾಡುತ್ತಾರೆ. ಈ ಕೆಲಸಕ್ಕೆ ನಮ್ಮವರು ಕೆಚ್ಚುವುದು ಎನ್ನುತ್ತಾರೆ. ಒಂದು ಹಾಸಿಗೆ ಎರಡು ಸಾವಿರ ಎಳೆ ಕೆಚ್ಚಬೇಕು, ಬೆನ್ನು ಮುರಿಯುವ ಕೆಲಸ. ಎಲ್ಲ ಕೂಡಿದ ದಿನ "ಮಗ್ಗ ಕೆಚ್ಚಿತು" ಎಂದು ಮನೆಯಲ್ಲಿ ಗೋದಿಹುಗ್ಗಿ ಮಾಡುತ್ತಾರೆ.

ತಾಯಿಯವರು ಊರಿನ ಯಾರ ಮನೆಯಲ್ಲಿ ಹಾಸು ತೀರಿದರೂ ಕರೆಯದೆ ಹೋಗಿ ಕೆಚ್ಚಿಕೊಟ್ಟು ಬರುತ್ತಿದ್ದರು. ಹೀಗಾಗಿ ಜನ ಅವರನ್ನು ಕೆಚ್ಚಿನ ತಾಯಿ ಎಂದು ಕರೆದರು. ಪೇಟೆಯವರು ಇದನ್ನು ಕೇಳಿ, ಕೆಚ್ಚೆದೆಯ ತಾಯಿ ಇರಬೇಕು, ಯಾವುದೋ ಕಾಲದಲ್ಲಿ ಹುಲಿಯನ್ನೋ ಕಳ್ಳರನ್ನೋ ಎದುರಿಸಿರಬೇಕು ಎಂದು ತಿಳಿದುಕೊಂಡಿದ್ದರು. ತಾಯಿಯವರು ಹಲ್ಲಿ ಕಂಡರೂ ಹೆದರುತ್ತಿದ್ದರು.

ಹಾಸಿನಮಠದ ಮಗ್ಗದಲ್ಲಿ ವರ್ಷಕ್ಕೆ ಒಂದೇ ಬಟ್ಟೆ, ದೇವರಿಗೆ ಉಡಿಸುವ ಬಿಳಿಯ ಬಟ್ಟೆ, ನೇಯುವ ಸಂಪ್ರದಾಯ. ಮಠದ ಮೂಲಗುರುಗಳು ತಮ್ಮ ಕೈಯಾರೆ ಹೂಡಿದ ಮೊದಲ ಹಾಸಿಗೆ ಎರಡನೆಯದನ್ನು ಕೆಚ್ಚಿದರು, ಅದರ ತುದಿಗೆ ಮೂರನೆಯದನ್ನು. ಹೀಗೆ ಹನ್ನೊಂದು ತಲೆಮಾರಿನಿಂದ ಆ ಮಗ್ಗ ಒಮ್ಮೆಯೂ ಬರಿದಾಗಿಲ್ಲ, ದೇವರು ಅದನ್ನು ಬರಿದಾಗಗೊಡುವುದಿಲ್ಲ ಎಂಬುದು ಊರಿನ ನಂಬಿಕೆ. ಈ ನಂಬಿಕೆಯನ್ನು ಪರೀಕ್ಷಿಸಲೆಂದೇ ಒಬ್ಬರು ಬಂದರು.

ಬಂದವರು ವಾಮನರಾವ್ ಹುದ್ದಾರ ಮಾಸ್ತರರು. ಹೊಳೆಯಾಚೆಯ ತಾಲೂಕಿನ ಪೇಟೆಯಲ್ಲಿ ಇತಿಹಾಸ ಕಲಿಸುತ್ತಿದ್ದರು. ಊರೂರು ತಿರುಗಿ ಹಳೆಯ ಕಾಗದ, ಕಲ್ಲು, ಕಡತಗಳನ್ನು ಓದಿ ನೂಲಗೇರಿ ಸೀಮೆಯ ಇತಿಹಾಸ ಬರೆಯುವುದು ಅವರ ಹುಚ್ಚು. ಅವರನ್ನು ನಾಸ್ತಿಕರೆಂದು ಕೆಲವರು ಅನ್ನುತ್ತಿದ್ದರು. ನಾನು ಹಾಗೆ ಅನ್ನಲಾರೆ. ಕೇಳಿದ್ದನ್ನು ಕೇಳಿದ ಹಾಗೆ ಒಪ್ಪಿಕೊಂಡು ಎದ್ದು ಹೋಗುವ ಸ್ವಭಾವ ಅವರದಾಗಿರಲಿಲ್ಲ, ಅಷ್ಟೆ. ಒಗಟು ಕಂಡರೆ ಊಟ ಮರೆಯುವ ಜಾತಿಯ ಮನುಷ್ಯ. ಮಠದಲ್ಲಿ ಒಂದು ಹಳೆಯ ಕಡತವಿದೆಯೆಂದು ಕೇಳಿ, ಕಾಳಯುಕ್ತಿ ಸಂವತ್ಸರದ ಭಾದ್ರಪದದಲ್ಲಿ ಬಂದು, ತಾಯಿಯವರ ಅಪ್ಪಣೆ ಪಡೆದು ಅದನ್ನು ಒಯ್ದಿದ್ದರು.

ಕಡತವೆಂದರೆ ಹುಣಸೆಬೀಜದ ಅಂಟನ್ನೂ ಇದ್ದಿಲನ್ನೂ ಬಳಿದು ಕರಿಹಲಗೆಯಂತೆ ಮಾಡಿದ ಉದ್ದನೆಯ ಬಟ್ಟೆ. ಅದರ ಮೇಲೆ ಬಳಪದಿಂದ ಬರೆದು ಮಡಿಕೆ ಮಡಿಕೆಯಾಗಿ ಮಡಚಿಡುತ್ತಾರೆ. ಹಾಸಿನಮಠದ ಕಡತದಲ್ಲಿ ಊರಿಗೆ ಬಂದ ದೊಡ್ಡ ವಿಪತ್ತುಗಳನ್ನು ಮಾತ್ರ, ಒಂದೊಂದಕ್ಕೆ ಎರಡು ಮೂರು ಸಾಲಿನಂತೆ, ಆಯಾ ಕಾಲದ ಹಿರಿಯರು ಬರೆದಿಟ್ಟಿದ್ದರು. ವಾರದಲ್ಲಿ ತಿರುಗಿ ತಂದುಕೊಡುತ್ತೇನೆ ಎಂದು ಹೇಳಿ ಹೋದ ಮಾಸ್ತರರು ನಾಲ್ಕು ವರ್ಷ ಈ ಕಡೆ ಮುಖ ಹಾಕಲಿಲ್ಲ. ಕಡತ ಕಳೆದೇಹೋಯಿತೆಂದು ಊರು ಗುಜುಗುಜು ಎಂದಾಗ ತಾಯಿಯವರು, "ಅವರು ತರತಾರ. ಅವರಿಗೇನೋ ಆಗೇತಿ" ಎಂದಷ್ಟೇ ಹೇಳಿದ್ದರಂತೆ.

ದುಂದುಭಿ ಸಂವತ್ಸರದ ಕಾರ್ತಿಕ ಮಾಸ. ಎಳೆಬಿಸಿಲು ಪಡಸಾಲೆಯ ಕಟ್ಟೆಯವರೆಗೆ ಬಂದಿತ್ತು. ಆ ವರ್ಷದ ಬಟ್ಟೆಯನ್ನು ಕೊಯ್ದು ದೇವರಿಗೆ ಉಡಿಸಿ, ತಾಯಿಯವರೂ ಅಜ್ಜಿಯೂ ಹೊಸ ಹಾಸನ್ನು ಕೆಚ್ಚಲು ಕೂತಿದ್ದರು. ಮಾಸ್ತರರು ಕೊಡೆಯನ್ನು ಗೋಡೆಗೆ ಒರಗಿಸಿ, ಬಗಲಲ್ಲಿದ್ದ ಕಡತವನ್ನು ಎರಡೂ ಕೈಯಿಂದ ತಾಯಿಯವರ ಮುಂದೆ ಇಟ್ಟರು. ನಾಲ್ಕು ವರ್ಷದಲ್ಲಿ ಹದಿನಾಲ್ಕು ವರ್ಷ ಮುಪ್ಪಾದಂತೆ ಕಂಡರು ಎಂದು ಅಜ್ಜಿ ಹೇಳುತ್ತಿದ್ದಳು. ತಡವಾದದ್ದಕ್ಕೆ ಏನೋ ಹೇಳಹೋದವರು, ಕಣ್ಣು ಮಗ್ಗದ ಮೇಲೆ ಬಿದ್ದೊಡನೆ ಅದನ್ನು ಮರೆತು ಹತ್ತಿರ ಬಂದು ಕುಕ್ಕರುಗಾಲಲ್ಲಿ ಕೂತರು.

"ತಾಯಿ, ಇದರಾಗ ಮೊದಲನೇ ಎಳಿ ಎಲ್ಲದ?"

ತಾಯಿಯವರು ನಕ್ಕರು. "ಸಣ್ಣಾಕಿ ಇದ್ದಾಗ ನಾನೂ ಹುಡುಕೀನ್ರಿ ಮಾಸ್ತರ್ರ. ಸಿಗಲಿಲ್ಲ. ಅದು ಯಾವತ್ತೋ ಬಟ್ಟಿ ಒಳಗ ಹೋಗಿಬಿಟ್ಟೈತಿ."

"ಈ ಬೂದಿ ಯಾಕ?"

"ಬೂದಿ ಇರದಿದ್ರ ಬೆರಳು ಜಾರತಾವ್ರಿ. ಹೊಸೆದದ್ದು ಬಿಚ್ಚಿಕೋತೈತಿ."

ಮಾಸ್ತರರು ಇನ್ನೂ ನಾಲ್ಕು ಪ್ರಶ್ನೆ ಕೇಳಿದರು. ಕೆಚ್ಚುವುದು ಎಂಬ ಮಾತೊಂದನ್ನು ಮಾತ್ರ ಅವರೂ ಕೇಳಲಿಲ್ಲ, ಇವರೂ ಹೇಳಲಿಲ್ಲ. ಇವರಿಗೆ ಅದು ಉಣ್ಣುವ, ಉಡುವ ಮಾತಿನಷ್ಟೇ ಸಾಮಾನ್ಯ. ಅವರ ಟಿಪ್ಪಣಿ ಪುಸ್ತಕದಲ್ಲಾದರೋ ಕೆಚ್ಚಿನ ತಾಯಿ ಎಂಬುದರ ಮುಂದೆ "ಧೈರ್ಯವಂತೆ" ಎಂಬ ಅರ್ಥ ಆಗಲೇ ಬರೆದಾಗಿತ್ತು.

ಆಮೇಲೆ ಅವರು ಧೋತರ ಸರಿಪಡಿಸಿಕೊಂಡು ನೇರವಾಗಿ ಕೂತರು. "ತಾಯಿ, ನಾ ಜಗಳಕ್ಕ ಬಂದಿಲ್ಲ. ಆದರ ಕೇಳದ ಹೋಗಲಿಕ್ಕೆ ಮನಸ್ಸು ಒಪ್ಪವಲ್ದು. ಈ ಮಗ್ಗ ಎಂದೂ ಬರಿದಾಗಿಲ್ಲ, ದೇವರು ಕಾಯ್ದಾನ ಅಂತ ಊರೆಲ್ಲ ಹೇಳತದ. ನಿಮ್ಮ ಮಠದ ಕಡತನ ಬ್ಯಾರೆ ಹೇಳತದಲ್ಲ! ಏಳು ಸಲ ಕೆಟ್ಟದ ಈ ಮಗ್ಗ. ನಿಮ್ಮ ಹಿರಿಯರ ಕೈಯಿಂದನ ಬರದದ್ದು."

ಅಜ್ಜಿಗೆ ಸಿಟ್ಟು ನೆತ್ತಿಗೇರಿತು. "ಯಾವ ಬಾಯಿಲೆ ಅಂತೀರಿ ಈ ಮಾತು? ನಾಕು ವರ್ಷ ಕಡತ ಇಟಗೊಂಡು..." ಎಂದು ಏಳಹೋದಳು.

"ಸಂಗವ್ವಾ, ಎಳಿ ಬಿಡಬ್ಯಾಡ" ಎಂದರು ತಾಯಿಯವರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಹೊಸ ಸುದ್ದಿ ಕೇಳುವ ಮಗುವಿನ ಹಾಗೆ ಕಣ್ಣು ಅಗಲ ಮಾಡಿ ಕಡತದ ಕಡೆ ನೋಡುತ್ತಿದ್ದರು. "ನನಗ ಓದಾಕ ಬರೂದಿಲ್ರಿ ಮಾಸ್ತರ್ರ. ನಮ್ಮ ಯಜಮಾನರು ಲಿಂಗೈಕ್ಯ ಆದಮ್ಯಾಲ ಅದರಾಗ ಏನೈತಿ ಅಂತ ಹೇಳೋರ ಇಲ್ಲ. ಪೂಜಿ ಮಾಡೋದು, ಕಟ್ಟಿ ಇಡೋದು. ಓದ್ರಿ, ಕೇಳೂಣು."

ಮಾಸ್ತರರು ಕಡತ ಬಿಚ್ಚಿದರು. ಬಳಪದ ಬರಹ ನೂರಾರು ವರ್ಷ ಮಡಿಕೆಗೆ ಮಡಿಕೆ ಉಜ್ಜಿ ಅಲ್ಲಲ್ಲಿ ಮಾಸಿತ್ತು. ಅವರು ಬಹುತೇಕ ಬಾಯಿಪಾಠ ಬಂದವರಂತೆ ಓದಿದರು. "ರಾಕ್ಷಸ ಸಂವತ್ಸರ ಮಾಘ ಬಹುಳ ಬಿದಿಗೆ. ದಂಡು ಬಂದಿತು. ಊರು ಸುಟ್ಟಿತು. ಪಂಚಮಿ ದಿನ ಮಗ್ಗ ಕೆಟ್ಟಿತು."

ತಾಯಿಯವರ ಬೆರಳು ನಿಂತಿತು. "ಬಿದಿಗಿ ದಿನ ಊರು ಸುಟ್ಟಿತು. ಅವತ್ತ ಕೆಡದ ಮಗ್ಗ ಪಂಚಮಿ ದಿನ ಹ್ಯಾಂಗ ಕೆಟ್ಟೀತು?"

"ದಂಡಿನವರು ಮೂರು ದಿವಸ ಇಲ್ಲೇ ಬಿಡಾರ ಮಾಡಿರಬೇಕು ಅಂತ ನಾ ಬರದೀನಿ" ಎಂದರು ಮಾಸ್ತರರು. ಹೇಳುವಾಗ ಅವರ ದನಿ ಸ್ವಲ್ಪ ಇಳಿಯಿತು. ಈ ಮೂರು ದಿನದ ಅಂತರ ಅವರನ್ನೂ ಕಾಡಿತ್ತು. ಯಾವ ಕಾಗದದಲ್ಲಿಯೂ ದಂಡು ನಿಂತ ದಾಖಲೆ ಸಿಕ್ಕಿರಲಿಲ್ಲ.

"ಮುಂದ ಓದ್ರಿ."

"ಶ್ರಾವಣ ಶುದ್ಧ ಅಷ್ಟಮಿ. ಹೊಳೆ ಬಂದಿತು. ಮಠ ಬಿದ್ದಿತು. ಹನ್ನೊಂದನೆಯ ದಿನ ಮಗ್ಗ ಕೆಟ್ಟಿತು."

"ಮಠ ಬಿದ್ದು ಹನ್ನೊಂದು ದಿನಕ್ಕ?"

"ಹೊಳಿ ಇಳಿದ ಮ್ಯಾಲ ಕಟಗಿ ಕೊಳತು..." ಎಂದು ಮಾಸ್ತರರು ತಡವರಿಸಿದರು. ನಂತರ ತಾವಾಗಿಯೇ ಇನ್ನೊಂದು ಮಡಿಕೆ ತೆಗೆದರು. ಈಗ ಅವರಿಗೂ ಓದದೆ ಇರಲಾಗಲಿಲ್ಲ. "ಇದು ಬರಗಾಲದ್ದು. ಮೂರು ವರುಷ ಮಳೆ ಇಲ್ಲ. ಊರು ಬಿಟ್ಟೆವು. ದೇವರು ತಿರುಗಿ ಕರೆತಂದನು. ಮಗ್ಗ..."

ಅವರು ಅಲ್ಲಿಗೇ ನಿಂತರು.

"ಊರಿಗೆ ಹೊಳ್ಳಿ ಬಂದಮ್ಯಾಲ ಕೆಟ್ಟೀತೇನ್ರಿ?" ಎಂದು ತಾಯಿಯವರು ಮೆಲ್ಲಗೆ ಕೇಳಿದರು. ಅಜ್ಜಿ ಹೇಳುವಂತೆ ಆ ಪ್ರಶ್ನೆಯಲ್ಲಿ ಕೊಂಕು ಎಳ್ಳಷ್ಟೂ ಇರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದರು.

ಮಾಸ್ತರರು ಆ ಮಡಿಕೆಯನ್ನೇ ಮತ್ತೆ ಮತ್ತೆ ತಿರುವಿ ನೋಡಿದರು. ತಾಯಿಯವರೇ ಮತ್ತೆ ಕೇಳಿದರು. "ಕಟ್ಟಕಡೀದು ನಮ್ಮವರು ಬರದದ್ದು ಇರಬೇಕು, ನೋಡ್ರಿ. ಪ್ಲೇಗಿಂದು."

ಮಾಸ್ತರರು ಕೊನೆಯ ಮಡಿಕೆ ಬಿಚ್ಚಿ ಓದಿದರು. "ವಿಳಂಬಿ ಸಂವತ್ಸರ. ಮಾರಿ ಬಂದಿತು. ಊರು ಹೊಲಕ್ಕೆ ಹೋಗಿ ಗುಡಿಸಲಲ್ಲಿ ಇದ್ದಿತು. ನಮ್ಮ ಎರಡೂ ಕೂಸು ಶಿವನ ಪಾದ ಸೇರಿದವು. ಫಾಲ್ಗುಣ ಹುಣ್ಣಿಮೆ, ಮಗ್ಗ ಕೆಟ್ಟಿತು."

ತಾಯಿಯವರು ಎಳೆ ಕೆಳಗಿಟ್ಟರು. ಗಂಡನ ಅಕ್ಷರದಲ್ಲಿ ತಮ್ಮ ಮಕ್ಕಳು ಇನ್ನೂ ಇದ್ದಾರೆಂದು ಅವರಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಕಣ್ಣೀರು ಬಂತು, ಬೂದಿಯ ಕೈಯಿಂದಲೇ ಒರೆಸಿಕೊಂಡರು. ಬಳಿಕ ಅದೇ ಮೆಲುದನಿಯಲ್ಲಿ ನುಡಿದರು.

"ಮಾಸ್ತರ್ರ, ಆ ಹುಣ್ಣಿವಿ ದಿನ ನಾನ ಈ ಜಾಗಾದಾಗ ಕುಂತು ಕೆಚ್ಚೀನಿ. ಅವರು ಮಗ್ಗಲದಾಗ ಕುಂತು ಬರದರು. ಬರದು, ಕಡೀ ಮಾತು ಒಂದನ್ನ ನನಗ ಹೇಳಿದರು. 'ಮಗ್ಗ ಕೆಚ್ಚಿತು' ಅಂತ ಬರದೀನಿ ರೇವೂ, ಅಂದರು."

"ಏನಂದ್ರಿ? ಏನು ಮಾಡೀರಿ ನೀವು?"

"ಕೆಚ್ಚೀನಿ. ಇದನ್ನ" ಎಂದು ತಾಯಿಯವರು ಎರಡು ತುದಿ ಹಿಡಿದು ಹೊಸೆದು ತೋರಿಸಿದರು.

ಮಾಸ್ತರರು ಕಡತ ಎತ್ತಿಕೊಂಡು ಅಂಗಳದ ಬಿಸಿಲಿಗೆ ಓಡಿದರು. ಐವತ್ತೈದರ ಮನುಷ್ಯ ಚಪ್ಪಲಿ ಮೆಟ್ಟದೆ ಓಡಿದ್ದನ್ನು ನೋಡಿ ಅಜ್ಜಿಗೆ ಅಂಥಾದ್ದರಲ್ಲೂ ನಗು ಬಂತಂತೆ. ಕನ್ನಡಕವನ್ನು ಧೋತರದ ಅಂಚಿಗೆ ಒರೆಸಿ, ಬಟ್ಟೆಯನ್ನು ಬಿಸಿಲಿಗೆ ಓರೆಯಾಗಿ ಹಿಡಿದು ನೋಡಿದರು. ಬಳಪದ ಬಿಳುಪು ಹೋಗಿದ್ದ ಕಡೆಯೂ ಅದು ಗೀರಿದ ಗುರುತು ಸಣ್ಣಗೆ ಹೊಳೆಯುತ್ತಿತ್ತು. ಟ ಎಂದು ಓದಿದ್ದ ಅಕ್ಷರದ ಹೊಟ್ಟೆಯಲ್ಲಿ ಮಾಸಿದ ಒಂದು ಗೀರು ಇತ್ತು. ಅದು ಚ. ಕೆಳಗಿನ ಒತ್ತೂ ಅದೇ. ಅವರು ಬರಗಾಲದ ಮಡಿಕೆ ನೋಡಿದರು, ಹೊಳೆಯದು ನೋಡಿದರು, ದಂಡಿನದು ನೋಡಿದರು. ಏಳು ಮಡಿಕೆ, ಏಳು ಬೇರೆ ಬೇರೆ ಕೈಬರಹ, ಎಲ್ಲ ಕಡೆಯೂ ಒಂದೇ ಮಾತು. ಊರು ಸುಟ್ಟಿತು, ಮೂರನೆಯ ದಿನ ಮಗ್ಗ ಕೆಚ್ಚಿತು. ಮಠ ಬಿದ್ದಿತು, ಹನ್ನೊಂದನೆಯ ದಿನ ಮಗ್ಗ ಕೆಚ್ಚಿತು. ದೇವರು ತಿರುಗಿ ಕರೆತಂದನು, ಮಗ್ಗ ಕೆಚ್ಚಿತು.

ತಿರುಗಿ ಒಳಗೆ ಬಂದು ಕಡತವನ್ನು ತಾಯಿಯವರ ಮುಂದೆ ಇಟ್ಟರು. ಆದರೂ ಹುಟ್ಟುಗುಣ ಬಿಡಲಿಲ್ಲ. "ಊರು ಸುಟ್ಟಾಗ ಮಗ್ಗ ಸುಡದ ಹ್ಯಾಂಗ ಉಳೀತು ತಾಯಿ?"

"ಕಟಗಿ ಸುಟ್ಟಿತ್ರಿ. ಕಟಗಿ ಎಷ್ಟು ಸಲ ಬದಲಾಗೇತೋ! ಮುಂದಿನ ಬಟ್ಟಿ ಕೊಯ್ದು, ಹಿಂದಿನ ಹಾಸು ಕೊಯ್ದು, ತುದಿ ಸಮೇತ ಹಣಗಿ ಒಂದನ್ನ ಸೀರ್ಯಾಗ ಸುತಗೊಂಡು ಓಡಿದ್ರಂತ ಹಿರೇರು. ಹೊಳಿ ಬಂದಾಗ ಈ ಮನಿ ಸೊಸಿ ಅದನ್ನ ತಲಿಮ್ಯಾಲ ಹಿಡಕೊಂಡು ಕುತ್ತಿಗಿಮಟ ನೀರಾಗ ನಿಂತಿದ್ಲಂತ. ಹಣಗ್ಯಾಗ ತುದಿ ಇದ್ರ ಸಾಕು, ಕೆಚ್ಚಾಕ ಬರತೈತಿ." ತಾಯಿಯವರು ಮುಂದಿದ್ದ ಬೂದಿಯ ಬಟ್ಟಲನ್ನು ಸರಿಸಿದರು. "ಊರು ಸುಟ್ಟ ವರ್ಷ ಬೂದಿಗೇನು ಕಡಿಮಿ ಇರಲಿಲ್ಲ ಬಿಡ್ರಿ."

ಆ ಮಾತು ಕೇಳಿದ್ದೇ ಮಾಸ್ತರರು ಮುಖ ಮುಚ್ಚಿಕೊಂಡು ಅತ್ತರು. ಗಂಡಸು ಹಾಗೆ ದನಿ ತೆಗೆದು ಅತ್ತದ್ದನ್ನು ಅಜ್ಜಿ ಅದೇ ಮೊದಲು ಕಂಡದ್ದು. ನಾಲ್ಕು ವರ್ಷ ಅವರು ಯಾಕೆ ಬರಲಿಲ್ಲವೆಂಬುದು ಆಗ ಹೊರಬಿತ್ತು. ಕಡತ ಒಯ್ದ ತಿಂಗಳಲ್ಲೇ ಆ ವರ್ಷ ನಾಡಿನಲ್ಲೆಲ್ಲ ಸಾವು ಹಬ್ಬಿಸಿದ ದೊಡ್ಡ ಜ್ವರ ಪೇಟೆಗೆ ಬಂದಿತ್ತು. ಅವರ ಒಬ್ಬನೇ ಮಗ ಬಿಂದುಮಾಧವನೂ ಸೊಸೆಯೂ ಎಂಟು ದಿನದಲ್ಲಿ ಒಬ್ಬರ ಹಿಂದೊಬ್ಬರು ಹೋದರು. ಅವರ ಮನೆಯಾಕೆ ಮೊದಲೇ ತೀರಿಕೊಂಡಿದ್ದರು. ಬರಿದಾದ ಮನೆಯಲ್ಲಿ ಒಬ್ಬರೇ ಕೂತು ಈ ಕಡತ ಬಿಚ್ಚಿ ಓದಿದ್ದರು. ಆ ತಿಂಗಳು ಯಾರ ಕಣ್ಣಿಗಾದರೂ ಆ ಪದ ಕೆಟ್ಟಿತು ಎಂದೇ ಕಾಣುತ್ತಿತ್ತು. ನಾನು ಮಾಸ್ತರರನ್ನು ದೂರಲಾರೆ. ದೇವರ ಮುಂದಿನ ದೀಪ ಹಚ್ಚುವುದನ್ನು ಅಂದೇ ಬಿಟ್ಟರು. ಆದರೂ ಒಳಗೆ ಒಂದು ಹಟ ಉಳಿದಿತ್ತು. ಈ ಸೀಮೆಯ ಇತಿಹಾಸದಲ್ಲಿ ದೇವರು ಉಳಿಸಿಕೊಂಡು ಬಂದದ್ದು ಒಂದೇ ಒಂದು ಸಿಕ್ಕರೆ ದೀಪ ಮತ್ತೆ ಹಚ್ಚುತ್ತೇನೆ, ಇಲ್ಲವಾದರೆ ಇಲ್ಲ ಎಂದು ನಿಶ್ಚಯಿಸಿ ನಾಲ್ಕು ವರ್ಷ ಊರೂರು ಹುಡುಕಿದ್ದರು. ಕೋಟೆ ಬಿದ್ದಿದ್ದವು, ಕೆರೆ ಒಡೆದಿದ್ದವು, ದಾನ ಕೊಟ್ಟ ಅರಸರ ಮನೆತನಗಳೇ ಅಳಿದಿದ್ದವು. ಕಡೆಗೆ ಉಳಿದದ್ದು ಹಾಸಿನಮಠದ ಮಗ್ಗ ಒಂದೇ. ಅದೂ ಸುಳ್ಳೆಂದು ತಾಯಿಯವರ ಬಾಯಿಂದಲೇ ಕೇಳಿ ಎಲ್ಲ ಮುಗಿಸಿಬಿಡಬೇಕೆಂದು ಬಂದಿದ್ದರು.

"ಸಿಕ್ಕತಲ್ರಿ ಈಗ" ಎಂದಳು ಅಜ್ಜಿ, ಸಿಟ್ಟೆಲ್ಲ ಇಳಿದು.

ಮಾಸ್ತರರು ತಲೆ ಎತ್ತಿದರು. "ಸಿಕ್ಕದ. ಆದರ ತಾಯಿ, ಕಾಯೋ ದೇವರು ಸುಡಗೊಡಬಾರದಾಗಿತ್ತು ಅಲ್ಲೇನು? ನಿಮ್ಮ ಕೂಸುಗೋಳು... ನನ್ನ ಬಿಂದು..."

ಇಂಥ ಪ್ರಶ್ನೆಗೆ ಪಂಡಿತರಾದರೆ ಜನ್ಮಾಂತರದ ಕರ್ಮವನ್ನು ವಿವರಿಸುತ್ತಿದ್ದರೇನೋ. ತಾಯಿಯವರು ಹಾಗೆ ಮಾಡಲಿಲ್ಲ.

"ಅದು ನನಗೂ ಗೊತ್ತಿಲ್ಲ ಯಪ್ಪಾ. ಇಪ್ಪತ್ನಾಕು ವರ್ಷ ಆತು, ನಾನೂ ಅವನನ್ನ ಕೇಳತಿರತೀನಿ. ಮಗ್ಗ ಅವಂದು. ಕೊಯ್ಯಾಂವ ಅವನ, ಕೆಚ್ಚಾಂವ ಅವನ. ಯಾವಾಗ ಯಾಕ ಕೊಯ್ತಾನ ಅಂತ ನನಗ ಹೇಳಿಲ್ಲ. ಆದರ ಏಳು ಸಲನೂ ತುದಿ ಉಳಿಸಿಕೊಟ್ಟಾನ. ಎಂಟನೇ ಸಲ ಮರತಾನ ಅಂತ ಯಾವ ಬಾಯಿಲೆ ಅನ್ನಲಿ?"

ಹಾಗೆ ಹೇಳಿ, ಅವರ ಮುಖವನ್ನೇ ನೋಡುತ್ತ ಕೇಳಿದರು. "ನಿಮ್ಮ ಮನ್ಯಾಗ ಒಂದು ತುದಿನೂ ಉಳದಿಲ್ಲೇನ್ರಿ?"

ಮಾಸ್ತರರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಒಂದು ಮೊಮ್ಮಗಳದ. ದ್ವಾರಕಾ. ಗದಗಿನಾಗ ಸೋದರಮಾವನ ಮನ್ಯಾಗ ಬೆಳೀಲಿಕ್ಕತ್ಯಾಳ. ಆ ಸಲ ವರ್ಷದ ಕೂಸು. ಈಗ ಐದು ತುಂಬಿರಬೇಕು. ನಾ ಒಮ್ಮೆನೂ ಹೋಗಿ ನೋಡಿಲ್ಲ ತಾಯಿ. ಅಕಿ ಮಾರಿ ಬಿಂದೂನ ಹಂಗ ಅದ ಅಂತಾರ. ನೋಡಲಿಕ್ಕೆ ಧೈರ್ಯ ಇಲ್ಲ."

ತಾಯಿಯವರು ಹೊಸ ಹಾಸಿನ ಒಂದು ಎಳೆಯನ್ನೂ ಹಣಿಗೆಯ ಒಂದು ತುದಿಯನ್ನೂ ಎತ್ತಿ ಮಾಸ್ತರರ ಕೈಗೆ ಕೊಟ್ಟರು. ಮಾಸ್ತರರು ಹೊಸೆದರು. ಕೈ ಬಿಟ್ಟೊಡನೆ ಅದು ಬಿಚ್ಚಿಕೊಂಡಿತು. ಇನ್ನೊಮ್ಮೆ ಹೊಸೆದರು, ಇನ್ನೊಮ್ಮೆ ಬಿಚ್ಚಿತು.

"ಬೂದಿ ಹಚ್ಚಿಕೋರಿ."

ಮಾಸ್ತರರು ಬಟ್ಟಲಲ್ಲಿ ಬೆರಳಿಟ್ಟು ಬೂದಿ ತೆಗೆದುಕೊಂಡರು. ಬಹಳ ಹೊತ್ತು ಆ ಬೂದಿಯನ್ನೇ ನೋಡಿದರು. ಮತ್ತೆ ಎರಡು ತುದಿ ಸೇರಿಸಿ ಮೆಲ್ಲಗೆ ಹೊಸೆದರು. ಎಳೆದು ನೋಡಿದರು. ಈ ಸಲ ಅದು ಹಿಡಿದುಕೊಂಡಿತ್ತು. ಅವರು ಆ ಒಂದೇ ಎಳೆಯನ್ನು ಮೂರು ನಾಲ್ಕು ಸಲ ಎಳೆದು ಪರೀಕ್ಷಿಸಿದರೆಂದು ಅಜ್ಜಿ ಹೇಳುತ್ತಿದ್ದಳು. ಅವಳಿಗೆ ಹರಿದುಬಿಟ್ಟೀತೆಂಬ ಚಿಂತೆ.

ಏಳುವ ಮುನ್ನ ತಾಯಿಯವರು ಕಡತವನ್ನೂ ಗೂಡಿನಲ್ಲಿದ್ದ ಬಳಪವನ್ನೂ ಅವರ ಮುಂದೆ ಇಟ್ಟರು. ಜ್ವರದ ವರ್ಷದ ಸಂಗತಿಯನ್ನು ಬರೆಯುವವರಿಲ್ಲದೆ ಅದು ಹಾಗೆಯೇ ಉಳಿದಿತ್ತು. ಮಾಸ್ತರರು ಖಾಲಿ ಮಡಿಕೆಯ ಮೇಲೆ ತಮ್ಮ ಮುತ್ತಿನಂಥ ಅಕ್ಷರದಲ್ಲಿ ಬರೆದು ಓದಿ ಹೇಳಿದರು. "ಕಾಳಯುಕ್ತಿ ಸಂವತ್ಸರ. ಜ್ವರ ಬಂದಿತು. ಮನೆಮನೆಯಲ್ಲಿ ಜನ ಹೋದರು." ಮುಂದಿನ ಮಾತಿಗೆ ಬಳಪ ಎತ್ತಿದಾಗ ತಾಯಿಯವರು ಕೈ ಅಡ್ಡ ಹಿಡಿದರು.

"ಅಷ್ಟಕ್ಕ ಬಿಡ್ರಿ. ಆ ವರ್ಷನೂ ಇಲ್ಲಿ ಮಗ್ಗ ಕೆಚ್ಚೇತಿ, ಖರೇ. ಆದರ ಬರಿಯೋರ ಮನ್ಯಾಗ ಇನ್ನೂ ಕೆಚ್ಚಿಲ್ಲ. ನಮ್ಮ ಹಿರೇರು ಯಾರೂ ಹಂಗ ಬರದಿಲ್ಲ."

ಮಾಸ್ತರರು ಬಳಪ ಕೆಳಗಿಟ್ಟರು. ತಾಯಿಯವರ ಪಾದಕ್ಕೆ ಹಣೆ ಹಚ್ಚಿ, ಕೊಡೆ ಮರೆತು ಹೊರಟುಹೋದರು.

ಇಪ್ಪತ್ತು ದಿನ ಕಳೆದವು. ಹಾಸು ಕೆಚ್ಚಿ ಮುಗಿದು ದೇವರ ಬಟ್ಟೆ ಮೊಳದಷ್ಟು ಏರಿತ್ತು. ಮಾರ್ಗಶಿರದ ಒಂದು ಬೆಳಿಗ್ಗೆ ಮಠದ ಮುಂದೆ ಒಂದು ಚಕ್ಕಡಿ ನಿಂತಿತು. ಮಾಸ್ತರರು ಮೊದಲು ತಾವು ಇಳಿದು, ಹಸಿರು ಲಂಗದ ಒಂದು ಹುಡುಗಿಯನ್ನು ಎತ್ತಿ ಇಳಿಸಿದರು. ಮೊದಲಿಗೆ ಆ ಹುಡುಗಿ ಅಜ್ಜನ ಕೈ ಬಿಡದೆ, ಯಾರ ಜೊತೆಗೂ ಮಾತಾಡದೆ ನಿಂತಿದ್ದಳು. ತಾಯಿಯವರು ಕರೆದರೂ ಬರಲಿಲ್ಲ. ಆದರೆ ಮಗ್ಗದ ಮೇಲಿನ ಎಳೆಗಳನ್ನು ಕಂಡದ್ದೇ ಅವಳ ಕಣ್ಣು ಅಲ್ಲಿ ನೆಟ್ಟಿತು. ಮೆಲ್ಲಗೆ ಅಜ್ಜನ ಕೈ ಬಿಟ್ಟಳು. ಕುಣಿಯ ಅಂಚಿಗೆ ಬಂದು ಕುಕ್ಕರುಗಾಲಲ್ಲಿ ಕೂತು, ಈ ತುದಿಯಿಂದ ಆ ತುದಿಯವರೆಗೆ ಬಗ್ಗಿ ಬಗ್ಗಿ ನೋಡಿದಳು.

"ಅಜ್ಜೀ, ಇದರಾಗ ಮೊದಲನೇ ಎಳಿ ಎಲ್ಲದ?"

ತಾಯಿಯವರು ಒಂದು ಗಳಿಗೆ ಮಾಸ್ತರರ ಮುಖ ನೋಡಿದರು. ಆಮೇಲೆ ಬಾಯಿತುಂಬ ನಕ್ಕರು. ಎರಡು ಮಕ್ಕಳನ್ನು ಮಣ್ಣಿಗೆ ಕೊಟ್ಟ ಮೇಲೆ ಅವರು ಹಾಗೆ ನಕ್ಕದ್ದನ್ನು ತಾನು ಕಂಡಿರಲಿಲ್ಲ ಎನ್ನುತ್ತಿದ್ದಳು ಅಜ್ಜಿ.

"ಮಾಸ್ತರ್ರ, ಇದು ನಿಮ್ಮದ ಎಳಿ, ಅನುಮಾನ ಬ್ಯಾಡ. ತಗೋರಿ ಬಳಪ. ಇನ್ನ ಬರೀರಿ."

ವಾಮನರಾಯರ ಮನೆಯಲ್ಲಿ ಆ ವಾರದಿಂದ ದೇವರ ಮುಂದೆ ದೀಪ ಹತ್ತಿತು. ತಮ್ಮ ಇತಿಹಾಸದ ಹಸ್ತಪ್ರತಿಯಲ್ಲಿ ಅವರು ಏಳು ಕಡೆ ಒಂದೊಂದು ಅಕ್ಷರ ತಿದ್ದಿದರು. ಅದಾದ ಮೇಲೆ ಉಳಿದ ಪುಸ್ತಕವನ್ನೆಲ್ಲ ಮೊದಲಿನಿಂದ ಬರೆಯಬೇಕಾಯಿತು, ಬೇಸರವಿಲ್ಲದೆ ಬರೆದರು. ಮುಂದೆ ತಾಯಿಯವರು ಲಿಂಗೈಕ್ಯರಾಗುವವರೆಗೆ ಪ್ರತಿವರ್ಷ ಕಾರ್ತಿಕದಲ್ಲಿ ಅಜ್ಜ ಮೊಮ್ಮಗಳು ಇಬ್ಬರೂ ಬಂದು, ಬೂದಿಯ ಕೈಯಿಂದ ಒಂದೊಂದು ಎಳೆ ಕೆಚ್ಚಿ ಹೋಗುತ್ತಿದ್ದರು.

ಆದರೆ ಅಂದಿನ ಬರಹವನ್ನು ಮಾಸ್ತರರು ಬರೆಯಲಿಲ್ಲ. ದ್ವಾರಕಾಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅವಳ ಕೈಗೆ ಬಳಪ ಕೊಟ್ಟು, ಆ ಕೈಯನ್ನು ತಮ್ಮ ಕೈಯಲ್ಲಿ ಹಿಡಿದು ಒಂದೊಂದೇ ಅಕ್ಷರ ಬರೆಸಿದರು. ಆ ಕಡತದ ಎಂಟನೆಯ ಮಡಿಕೆಯನ್ನು ನಾನು ಕಣ್ಣಾರೆ ನೋಡಿದ್ದೇನೆ. ಮೇಲಿನ ಸಾಲುಗಳು ಮುತ್ತು ಪೋಣಿಸಿದಂತಿವೆ. ಕೆಳಗಿನ ಒಂದು ಮಾತು ಮಾತ್ರ ಅಂಗೈ ಅಗಲ ಆಗಿದೆ, ಸೊಟ್ಟಗಿದೆ, ಅರ್ಧ ಮಡಿಕೆಯನ್ನೇ ನುಂಗಿದೆ. ಚ ಮತ್ತು ಅದರ ಒತ್ತನ್ನು ಬಳಪ ಮುರಿಯುವಷ್ಟು ಒತ್ತಿ, ಎರಡೆರಡು ಸಲ ತಿದ್ದಿ ಬರೆದಿದ್ದಾರೆ. ಮುಂದೆ ಎಂಥ ದುಃಖದಲ್ಲಿ ಯಾರು ಬಂದು ಬಿಚ್ಚಿ ಓದಿದರೂ ಅದನ್ನು ಕೆಟ್ಟಿತು ಎಂದು ಓದಲಾರರು.